ಐದನೆಯ ಚುಕ್ಕೆ

ಟೈರಿನಂಗಡಿಯ ಕ್ಯಾಲೆಂಡರು. ಆಗಸ್ಟ್ ತಿಂಗಳ ಹಾಳೆ.
ಎಲ್ಲಿಂದ ಹೆಕ್ಕಿ ತಂದರೋ ಹಳೆಯ ಚಿತ್ರ.
ಕೆಳಗೆ ಊರ ಹೆಸರಿಲ್ಲ, ‘ಬೆಟ್ಟಗಳ ನಾಡು’ ಅಂತಷ್ಟೇ.
ಇಡೀ ಲೆಸೊಥೊವೇ ಬೆಟ್ಟ ಅನ್ನುವುದನ್ನು
ಅಚ್ಚು ಹಾಕಿದವನಿಗೆ ಯಾರಾದರೂ ಹೇಳಬೇಕು.

ಮಾಖೋತ್ಸೊ ಅದನ್ನು ಸುರುಳಿ ಸುತ್ತಿ ತಂದಳು,
ನನ್ನ ಮೇಜಿನ ಮೇಲೆ ಬಿಡಿಸಿ, ಮೂಲೆಗೊಂದರಂತೆ
ಮೆಕ್ಕೆಜೋಳದ ತೆನೆ ಹೇರಿದಳು.
‘ನ್ತಾತೆ ಥೆಕೊ, ಹತ್ತೊಂಬತ್ತು ವರ್ಷ
ಸರ್ವೆಯವರಿಗೆ ಕೋಲು ಹಿಡಿದವರು ನೀವು.
ಇದು ಎಲ್ಲಿ ನಿಂತು ತೆಗೆದದ್ದು, ಹೇಳಿ.’

ಕನ್ನಡಕ ಒರೆಸಿದೆ. ಆಮೇಲೆ ಭೂತಗನ್ನಡಿ.
ಮೊದಲು ಕಂಡದ್ದು ಹಿಮ. ನಮ್ಮಲ್ಲಿ ಸೂರ್ಯ
ಬಡಗಣ ಬಾನಲ್ಲೇ ನಡೆದು ಹೋಗುವವನು;
ಬೆಟ್ಟದ ತೆಂಕಣ ಬೆನ್ನಿಗೆ ಅವನ ಋಣವಿಲ್ಲ,
ಹಿಮ ಅಲ್ಲಿ ಕೊನೆಯವರೆಗೂ ಕೂತಿರುತ್ತದೆ
ಎಬ್ಬಿಸಿದರೂ ಏಳದ ನೆಂಟನ ಹಾಗೆ.
ಚಿತ್ರದಲ್ಲಿ ಆ ಬೆನ್ನು ನಮ್ಮ ಕಡೆಗಿದೆ.
ಅಂದರೆ ತೆಗೆದವನು ತೆಂಕಲಲ್ಲಿ ನಿಂತು
ಬಡಗಲಿಗೆ ನೋಡುತ್ತಿದ್ದ. ಹಟ್ಟಿಯ ಕಂಬದ ನೆರಳು
ಅವನ ಬೂಟಿನತ್ತಲೇ ಬಿದ್ದಿದೆ: ನಡುಹಗಲು.
ಪೀಚ್ ಹೂ ಬಿಟ್ಟಿದೆ. ಹಾಗಾದರೆ ಆಗಸ್ಟೇ ಸರಿ,
ಅಚ್ಚಿನವನು ಇದೊಂದರಲ್ಲಿ ಸುಳ್ಳಾಡಿಲ್ಲ.

ಆಮೇಲೆ ಸಾಲು. ಚಪ್ಪಟೆ ತಲೆಯ ಹತ್ತಿರದ ಬೆಟ್ಟ,
ಅದರ ಹೆಗಲಾಚೆ ಇಣುಕುವ ದೂರದ ಕೋಡು,
ಉಗುರಿನಷ್ಟು, ಅಷ್ಟೇ.
ಇಪ್ಪತ್ತು ಹೆಜ್ಜೆ ಸರಿದು ನಿಂತರೆ ಆ ಉಗುರೂ ಇಲ್ಲ.
ಈ ಕೋಡು ನನಗೆ ಗೊತ್ತು. ಈ ಹೆಗಲೂ ಗೊತ್ತು.
ಬಾಯಿ ಬಿಡಲಿಲ್ಲ.
‘ನಾಳೆ ದೋಣಿ ಸಿಗುತ್ತದಾ ನೋಡು’ ಅಂದೆ.
ದೋಣಿ ಯಾಕೆ ಅಂತ ಅವಳು ಕೇಳಲಿಲ್ಲ.

ಮೀನು ಸಾಕುವ ಹುಡುಗ ಹುಟ್ಟು ಹಾಕಿದ.
ದಂಡೆಯ ಬಂಡೆಗಳ ಮೇಲೆ ನನ್ನ ಕೈಯ ಬಿಳಿ ಗೀಟು
ಇಷ್ಟು ವರ್ಷಕ್ಕೂ ಅಲ್ಲಲ್ಲಿ ಉಳಿದಿದೆ:
ನೀರು ಇಲ್ಲಿಯವರೆಗೆ ಬರುತ್ತದೆ ಅಂತ ನಾನು ಬರೆದೆ,
ನೀರು ಓದಿಕೊಂಡಂತೆ ಬಂತು.

‘ಎಡಕ್ಕೆ. ಇನ್ನೂ. ಸ್ವಲ್ಪ ಹಿಂದೆ. ನಿಲ್ಲಿಸು.’
ಬೆಟ್ಟಗಳು ಒಂದರ ಹಿಂದೊಂದು ಜಾರಿ
ಬೀಗದೊಳಗೆ ಕೀಲಿ ತಿರುಗಿದ ಹಾಗೆ ಕೂತವು,
ಬಲತುದಿಯ ಬಂಡೆಯೂ ತನ್ನ ಕಣಿವೆಯ ಬಾಯಿಗೆ ಸರಿಬಂತು.
ಕ್ಯಾಲೆಂಡರು ಎತ್ತಿ ಹಿಡಿದೆ. ಒಂದೇ ಒಂದು ತಪ್ಪು:
ಆ ಕೋಡು ಉಗುರಿನಷ್ಟಲ್ಲ, ಬೆರಳಿನಷ್ಟು ಕಾಣುತ್ತಿದೆ.
ಯೋಚಿಸಿದೆ. ತಪ್ಪಲ್ಲ ಅದು.
ಕ್ಯಾಮೆರಾದವನಿಗಿಂತ ನಾವು ಎತ್ತರದಲ್ಲಿದ್ದೇವೆ,
ಮೂವತ್ತು ಮಾರು. ಅವನು ನಮ್ಮ ಕೆಳಗೆ
ಮಾಖೋತ್ಸೊಳ ತಾಯಿಯ ಅಂಗಳದ ಗೋಡೆಗೆ
ಒರಗಿ ನಿಂತಿದ್ದಾನೆ.

ಅವಳು ನೀರು ನೋಡಲಿಲ್ಲ. ಹಾಳೆಯ ಮೂಲೆ ನೋಡುತ್ತಿದ್ದಳು.
‘ಎಣಿಸಿ’ ಅಂದಳು.
ಗುಲಾಬಿ ಚುಕ್ಕೆ: ಒಂದು, ಎರಡು, ಮೂರು, ನಾಲ್ಕು.
ಹಟ್ಟಿಯ ಆಚೆ, ಒಂಟಿಯಾಗಿ, ಎದೆಯೆತ್ತರಕ್ಕೆ, ಐದು.
‘ಪರಿಹಾರದ ಬುಕ್ಕಿನಲ್ಲಿ ನಾಲ್ಕು ಅಂತಿತ್ತು.
ಅಮ್ಮ ಸಾಯುವವರೆಗೂ ಐದು ಅನ್ನುತ್ತಿದ್ದಳು.
ಅರಳುಮರಳು ಅಂದುಕೊಂಡೆವು ನಾವೆಲ್ಲ.’

ಬುಕ್ಕಿನಲ್ಲಿ ಬರೆದದ್ದು ಆಫೀಸಿನ ಗುಮಾಸ್ತ.
ಎಣಿಸಿ ಕೂಗಿದ್ದು ನಾನು.
ಜೂನ್ ತಿಂಗಳು. ಎಲೆ ಇಲ್ಲ, ಬೆರಳು ಮರಗಟ್ಟಿತ್ತು,
ಹಟ್ಟಿಯ ಆಚೆ ಯಾರೋ ಒಣಕೋಲು ನೆಟ್ಟಿದ್ದರು.
ಅದಕ್ಕೆ ನನ್ನ ಉಣ್ಣೆಟೋಪಿ ತಗುಲಿಸಿ,
ಮರ ಎಣಿಸಿದೆ.

ಹೇಳಿದೆ ಅವಳಿಗೆ. ಹುಡುಗ ಬೇರೆ ಕಡೆ ನೋಡಿದ.
ಗಾಳಿಗೆ ದೋಣಿ ಮೆಲ್ಲಗೆ ತೇಲಿತು,
ಕೋಡು ಹೆಗಲ ಹಿಂದೆ ಅಡಗಿತು,
ಇದೇ ಜಾಗ ಅನ್ನುವಂಥದ್ದು ಕೈಜಾರಿತು.
ತುಂಬ ಹೊತ್ತಿನ ಮೇಲೆ ಕೇಳಿದಳು:
‘ಯಾವ ಬಣ್ಣದ ಟೋಪಿ?’